ಬೇಗ ಬಂದ ಆಫರ್, ನಿಧಾನವಾಗಿ ಮಾಡಬೇಕಾದ ಲೆಕ್ಕ

(ಕೆಲ್ಲಿವಿಲ್‌ನಲ್ಲಿ ಸೇರಿದ್ದ ನಮ್ಮ ಕನ್ನಡ ಪೋಷಕರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಕಾಲೇಜು ಸೇರಿಸೋ ವಿಷಯ ಮಾತಾಡೋಕೆ ಈ ವೈರ್‌ಮ್ಯಾನ್‌ನನ್ನು ಯಾಕೆ ನಿಲ್ಲಿಸಿದರು ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಾನು ಯೂನಿವರ್ಸಿಟಿ ಒಳಗೆ ಕಾಲಿಟ್ಟದ್ದು ಲೈಟು, ಸ್ವಿಚ್‌ಬೋರ್ಡ್ ರಿಪೇರಿಗೆ ಮಾತ್ರ. ಎಸ್ಸೆಸ್ಸೆಲ್ಸಿ ಆದಮೇಲೆ ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದವನು. ಇಲ್ಲಿಗೆ ಬಂದಮೇಲೆ ಆ ಸರ್ಟಿಫಿಕೇಟ್ ಒಂದೇ ಸಾಲದು ಅಂದರು. ಮತ್ತೆ ಪರೀಕ್ಷೆ ಕೊಟ್ಟು, ಲೈಸೆನ್ಸ್ ಇದ್ದವರ ಕೈಕೆಳಗೆ ದುಡಿದು, ಇಲ್ಲಿನ ನಿಯಮಗಳ ತರಬೇತಿ ಮುಗಿಸಿ ಲೈಸೆನ್ಸ್ ತಗೊಂಡೆ. ನಿಮ್ಮಲ್ಲಿ ಬಹಳ ಜನರ ಕಥೆಯೂ ಹೀಗೇ ಇದೆ.

ಆದರೆ 2024ರಲ್ಲಿ ನಮ್ಮ ಅಕ್ಕನ ಮಗಳು ಹನ್ನೆರಡನೇ ಕ್ಲಾಸಿನಲ್ಲಿದ್ದಳು. ಭಾವ ರಾತ್ರಿ ಪಾಳಿಯಲ್ಲಿ ಟ್ರಕ್ ಓಡಿಸ್ತಾರೆ. ಅಕ್ಕ ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಕೆಲಸ ಮಾಡ್ತಾಳೆ. ಫಾರಂ ತುಂಬಿಸೋ ಕೆಲಸ ಸೋದರಮಾವನ ತಲೆಗೆ ಬಂತು. ಆ ಒಂದು ವರ್ಷ ಓದಿ, ಕೇಳಿ, ಶಾಲೆಯ ಕರಿಯರ್ಸ್ ಟೀಚರ್ ಹತ್ತಿರ ಕೂತು ತಿಳಿದುಕೊಂಡದ್ದನ್ನೇ ಇವತ್ತು ಹೇಳ್ತೀನಿ. ಮಕ್ಕಳು ಹನ್ನೊಂದು, ಹನ್ನೆರಡರಲ್ಲಿ ಇರುವವರು ಸ್ವಲ್ಪ ಗಮನವಿಟ್ಟು ಕೇಳಿ. ಮಕ್ಕಳು ಇನ್ನೂ ಚಿಕ್ಕವರಿರೋರು ಕೊನೆಗೆ ಬರುವ ದುಡ್ಡಿನ ಭಾಗವನ್ನಂತೂ ಬಿಡಬೇಡಿ. ಅದು ನಿಮಗೇ ಹೆಚ್ಚು ಬೇಕಾದದ್ದು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮ ನೆಂಟರಲ್ಲಿ ಯಾರಾದರೂ ಒಬ್ಬರು ಅಮೆರಿಕದಲ್ಲಿ ಇದ್ದೇ ಇರ್ತಾರೆ. ಭಾವನ ಚಿಕ್ಕಪ್ಪನ ಮಗ ಅಲ್ಲಿದ್ದಾರೆ. ಹುಡುಗಿಗೆ ಇಲ್ಲಿ ಒಂದು ಯೂನಿವರ್ಸಿಟಿಯಿಂದ ಮುಂಚಿತವಾಗಿ ಆಫರ್ ಬಂತು ಅಂತ ಕೇಳಿದ ತಕ್ಷಣ ಫೋನ್ ಮಾಡಿ, "ಒಪ್ಪಬೇಡ, ಒಪ್ಪಿದರೆ ಬೇರೆ ಎಲ್ಲೂ ಹೋಗೋ ಹಾಗಿಲ್ಲ" ಅಂದರು. ಅಕ್ಕ ಹೆದರಿ ಆಫರನ್ನೇ ಬಿಟ್ಟುಬಿಡೋಣ ಅಂತ ಕೂತಳು. ಅವರು ಹೇಳಿದ್ದು ಅವರ ದೇಶಕ್ಕೆ ನಿಜ. ಅಲ್ಲಿ 'ಅರ್ಲಿ ಡಿಸಿಷನ್' ಅಂತ ಒಂದು ಪದ್ಧತಿ ಇದೆ. ಸಾಮಾನ್ಯವಾಗಿ ನವೆಂಬರ್ ಒಂದರ ಹೊತ್ತಿಗೆ ಒಂದೇ ಒಂದು ಕಾಲೇಜಿಗೆ ಹಾಗೆ ಅರ್ಜಿ ಹಾಕಬೇಕು. ಸೀಟು ಸಿಕ್ಕಿದರೆ ಸೇರ್ತೀನಿ ಅಂತ ಮೊದಲೇ ಮಾತು ಕೊಟ್ಟಿರಬೇಕು. 'ಅರ್ಲಿ ಆಕ್ಷನ್' ಅನ್ನೋದು ಬೇರೆ, ಅದರಲ್ಲಿ ಆ ಕಟ್ಟು ಇಲ್ಲ. ಅಲ್ಲಿನ ತಂದೆ ತಾಯಿ ಎಲ್ಲಿಗೆ ಬೇಗ ಅರ್ಜಿ ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳೋದು ಇದೇ ಕಾರಣಕ್ಕೆ. ಅವರಿಗಿರೋದು ಒಂದೇ ಬಾಣ.

ಇಲ್ಲಿ ಹಾಗಿಲ್ಲ. ಇಲ್ಲಿ ಬೇಗ ಬರುವ ಆಫರ್ ಒಪ್ಪಿಕೊಂಡರೂ ಡಿಸೆಂಬರ್‌ನಲ್ಲಿ ಬೇರೆ ಕಡೆ ಸಿಕ್ಕರೆ ಅಲ್ಲಿಗೆ ಹೋಗಬಹುದು. ನಮ್ಮೂರ ಸಿಇಟಿ ನೆನಪಿರೋರಿಗೆ ಒಂದೇ ಮಾತಲ್ಲಿ ಅರ್ಥವಾಗುತ್ತೆ. ಕೆಇಎ ಸೀಟು ಹಂಚಿದಮೇಲೆ ಚಾಯ್ಸ್ ಒಂದು, ಎರಡು, ಮೂರು, ನಾಲ್ಕು ಅಂತ ಕೇಳ್ತಾರಲ್ಲ, ಅದರಲ್ಲಿ ಚಾಯ್ಸ್ ಎರಡು ಅಂದರೆ "ಈ ಸೀಟು ನನಗಿರಲಿ, ಮೇಲಿನದು ಸಿಕ್ಕರೆ ಅದನ್ನ ತಗೋತೀನಿ" ಅಂತ. ಇಲ್ಲಿ ಬೇಗ ಬಂದ ಆಫರ್ ಒಪ್ಪೋದು ಹೆಚ್ಚುಕಡಿಮೆ ಆ ಚಾಯ್ಸ್ ಎರಡರ ಥರ. ಕಾಲೂರೋಕೆ ಒಂದು ನೆಲ ಸಿಕ್ಕಿತು, ಅಷ್ಟೇ. ಇದು ಗೊತ್ತಾದಮೇಲೆ ಅಕ್ಕ ಸಮಾಧಾನವಾದಳು, ಆಫರ್ ಒಪ್ಪಿಕೊಂಡೆವು.

ಈಗ ವ್ಯವಸ್ಥೆ ಹೇಗಿದೆ ನೋಡೋಣ. ನ್ಯೂ ಸೌತ್ ವೇಲ್ಸ್‌ನಲ್ಲಿ ಯುಎಸಿ ಅನ್ನೋ ಸಂಸ್ಥೆಯ ಮೂಲಕ ಅರ್ಜಿ. ಏಪ್ರಿಲ್‌ನಲ್ಲಿ ಶುರುವಾಗುತ್ತೆ. ಸೆಪ್ಟೆಂಬರ್ ಕೊನೆಯೊಳಗೆ ಹಾಕಿದರೆ ಶುಲ್ಕ ಕಡಿಮೆ, ಆಮೇಲೆ ಏರುತ್ತೆ. ಒಂದು ಅರ್ಜಿಯಲ್ಲಿ ಐದು ಪ್ರಿಫರೆನ್ಸ್ ಬರೀಬಹುದು. ಮೆಲ್ಬರ್ನ್ ಕಡೆಯಿಂದ ಬಂದ ಅಣ್ಣಂದಿರಿಗೆ ಇದೇ ಕೆಲಸ ಮಾಡೋದು ವಿಟ್ಯಾಕ್, ಅಲ್ಲಿ ಎಂಟು. ಬೇಗ ಆಫರ್ ಪಡೆಯೋಕೆ ಎರಡು ದಾರಿ. ಒಂದು, ಯುಎಸಿಯಲ್ಲೇ ಇರುವ ಸ್ಕೂಲ್ಸ್ ರೆಕಮೆಂಡೇಷನ್ ಸ್ಕೀಮ್. ಹನ್ನೊಂದನೇ ಕ್ಲಾಸಿನ ಅಂಕ, ಶಾಲೆ ಕೊಡುವ ಅಭಿಪ್ರಾಯ ನೋಡಿ ತೀರ್ಮಾನ ಮಾಡ್ತಾರೆ. ಇನ್ನೊಂದು, ಯೂನಿವರ್ಸಿಟಿಗಳೇ ನೇರವಾಗಿ ನಡೆಸುವ ಯೋಜನೆಗಳು. ಮ್ಯಾಕ್ವಾರಿಯವರದು ಲೀಡರ್ಸ್ ಅಂಡ್ ಅಚೀವರ್ಸ್, ವೆಸ್ಟರ್ನ್ ಸಿಡ್ನಿಯವರದು ಟ್ರೂ ರಿವಾರ್ಡ್, ವೊಲೊಂಗಾಂಗ್‌ನವರದು ಅರ್ಲಿ ಅಡ್ಮಿಷನ್. ಒಬ್ಬೊಬ್ಬರ ನಿಯಮ ಒಂದೊಂದು ಥರ. ಕೆಲವರು ಅಂಕ ನೋಡ್ತಾರೆ, ಕೆಲವರು ಸಮಾಜಸೇವೆ, ಕೆಲಸದ ಅನುಭವನೂ ಕೇಳ್ತಾರೆ. ನಮ್ಮ ಹುಡುಗಿ ಭಾನುವಾರದ ಕನ್ನಡ ತರಗತಿಯಲ್ಲಿ ಎರಡು ವರ್ಷ ಚಿಕ್ಕಮಕ್ಕಳಿಗೆ ಅಕ್ಷರ ತಿದ್ದಿಸಿದ್ದಳು, ಸೂಪರ್‌ಮಾರ್ಕೆಟ್‌ನಲ್ಲಿ ವಾರಕ್ಕೆ ಎರಡು ಸಂಜೆ ಕೆಲಸ ಮಾಡಿದ್ದಳು. ಎರಡನ್ನೂ ಬರೆಸಿದೆವು. ನಿಮ್ಮ ಮಕ್ಕಳು ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸಿದ್ದನ್ನು ಕೂಡ ಸಣ್ಣದು ಅಂತ ಬಿಡಬೇಡಿ.

ಮೆಡಿಕಲ್ ಬೇಕು ಅನ್ನೋರಿಗೆ 'ಬೇಗ' ಅಂದರೆ ಇನ್ನೂ ಬೇಗ. ಯುಕ್ಯಾಟ್ ಪರೀಕ್ಷೆಗೆ ಹೆಸರು ಕೊಡೋದು ಮೇ ತಿಂಗಳ ಮಧ್ಯಕ್ಕೇ ಮುಗಿದುಹೋಗುತ್ತೆ, ಪರೀಕ್ಷೆ ಜುಲೈನಲ್ಲಿ ಶುರು. ಯುಎಸಿ ಅಲ್ಲದೆ ಯೂನಿವರ್ಸಿಟಿಗೆ ಬೇರೆ ಅರ್ಜಿಯೂ ಹಾಕಬೇಕಾಗುತ್ತೆ. ಎಚ್‌ಎಸ್‌ಸಿ ಮುಗಿದಮೇಲೆ ನೋಡೋಣ ಅಂದರೆ ಆ ವರ್ಷ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ.

ಇನ್ನು ಏಟಾರ್. ನಮ್ಮಲ್ಲಿ ಬಹಳ ಜನ ಇದನ್ನ ಪರ್ಸೆಂಟೇಜ್ ಅಂದುಕೊಂಡಿದ್ದೀವಿ. "ಎಂಬತ್ತಾ? ನಮ್ಮ ಕಾಲದಲ್ಲಿ ಫಸ್ಟ್ ಕ್ಲಾಸ್, ಆದ್ರೂ ಡಿಸ್ಟಿಂಕ್ಷನ್ ಇಲ್ಲ" ಅಂತ ಮಗುವಿನ ಮುಂದೆ ಅಂದುಬಿಡ್ತೀವಿ. ಏಟಾರ್ ಸ್ಥಾನ ತೋರಿಸುತ್ತೆ, ಮಾರ್ಕ್ಸ್ ತೋರಿಸಲ್ಲ. 80 ಅಂದರೆ ತನ್ನ ವಯಸ್ಸಿನವರ ಸಾಲಿನಲ್ಲಿ ಎಂಬತ್ತು ಭಾಗದವರಿಗಿಂತ ಮುಂದಿದ್ದಾನೆ ಅಂತ. ಅದರ ಗರಿಷ್ಠ 99.95. ಯಾರಿಗೂ ನೂರು ಬರಲ್ಲ.

ಹಾಗೇ ಕೋರ್ಸಿನ ಮುಂದೆ ಕಾಣುವ ಕಟ್-ಆಫ್ ಸಂಖ್ಯೆ. ಅದು ಮಾರುಕಟ್ಟೆ ದರ ಇದ್ದ ಹಾಗೆ. ಸೀಟು ಕಡಿಮೆ, ಕೇಳೋರು ಜಾಸ್ತಿ ಅಂದರೆ ಏರುತ್ತೆ. ಸೀಟು ಜಾಸ್ತಿ ಇದ್ದರೆ ಇಳಿಯುತ್ತೆ. ತಿಪಟೂರು ಸಂತೆಯಲ್ಲಿ ಕೊಬ್ಬರಿ ದರ ಏರಿದ ವರ್ಷ ಕೊಬ್ಬರಿ ರುಚಿ ಹೆಚ್ಚಾಯ್ತು ಅಂತ ಯಾರೂ ಅನ್ನಲ್ಲ. ಆದರೆ ಕೋರ್ಸಿನ ವಿಷಯಕ್ಕೆ ಬಂದರೆ ನಾವು ಹಾಗೇ ಅಂತೀವಿ. "ಇವಳಿಗೆ ತೊಂಬತ್ತೆರಡು ಬರುತ್ತೆ, ಎಂಬತ್ತಕ್ಕೆ ಸಿಗೋ ಕೋರ್ಸು ಯಾಕೆ, ಅಂಕ ದಂಡವಾಗುತ್ತೆ" ಅಂತ. ಅಂಕ ಏನು ಬಸ್ ಟಿಕೆಟ್ಟೇ, ಕೊನೇ ಸ್ಟಾಪಿನವರೆಗೂ ಹೋಗಲೇಬೇಕು ಅನ್ನೋಕೆ? ಆಸೆಪಟ್ಟ ಕೋರ್ಸು ಕಡಿಮೆ ಸಂಖ್ಯೆಗೆ ಸಿಕ್ಕರೆ ಮಗು ನೆಮ್ಮದಿಯಾಗಿ ಓದಿಕೊಳ್ಳುತ್ತೆ, ಇನ್ನೇನು ಬೇಕು?

ಈಗ ಆ ಐದು ಸಾಲುಗಳನ್ನು ತುಂಬೋದು. ನಿಯಮ ಒಂದೇ ಒಂದು, ಅದನ್ನ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಒಂದು ಸುತ್ತಿನಲ್ಲಿ ಯುಎಸಿ ಒಬ್ಬರಿಗೆ ಒಂದೇ ಆಫರ್ ಕೊಡುತ್ತೆ, ಅರ್ಹತೆ ಇರುವ ಪ್ರಿಫರೆನ್ಸ್‌ಗಳಲ್ಲಿ ಎಲ್ಲಕ್ಕಿಂತ ಮೇಲೆ ಇರುವುದಕ್ಕೆ. ಮೇಲೆ ಬರೆದದ್ದಕ್ಕೆ ಅರ್ಹತೆ ಇದ್ದರೆ ಕೆಳಗಿನದನ್ನ ನೋಡೋದೇ ಇಲ್ಲ. ಮೇಲಿನದಕ್ಕೆ ಸಾಲದೆ ಹೋದರೆ ಕೆಳಗಿನದಕ್ಕೆ ನಷ್ಟ ಏನೂ ಇಲ್ಲ. ಅಂದಮೇಲೆ ಜಾಣತನ ಮಾಡಿ ಸಿಗೋದನ್ನ ಮೇಲೆ, ಬೇಕಾದ್ದನ್ನ ಕೆಳಗೆ ಬರೆಯೋದರಲ್ಲಿ ಅರ್ಥವಿಲ್ಲ. ಬೇಕಾದ್ದು ಮೇಲೆ. ಸಿಗೋದು ಕಷ್ಟ ಅನಿಸಿದರೂ ಮೇಲೆ. ಖಂಡಿತ ಸಿಗೋದು ಕೆಳಗೆ.

ನಾವು ಮನೆಯಲ್ಲಿ ಮಾಡಿದ್ದು ಹೀಗೆ. ಒಂದು ಹಾಳೆ ಕೊಟ್ಟು, ದೂರ, ದುಡ್ಡು, ಏಟಾರ್ ಯಾವುದನ್ನೂ ಯೋಚಿಸದೆ ನಿನಗೆ ಬೇಕಾದ್ದು ಐದು ಬರಿ ಅಂದೆ. ನಾವ್ಯಾರೂ ಪಕ್ಕದಲ್ಲಿ ಕೂರಲಿಲ್ಲ. ಅಕ್ಕನಿಗೆ ಮಗಳು ಡಾಕ್ಟರ್ ಆಗಲಿ ಅಂತ ಆಸೆ. ಹುಡುಗಿ ಬರೆದಿದ್ದು ಐದಕ್ಕೆ ನಾಲ್ಕು ಸಿವಿಲ್ ಎಂಜಿನಿಯರಿಂಗ್, ಒಂದು ನಗರ ಯೋಜನೆ. ನಾವು ಕೆಲ್ಲಿವಿಲ್‌ಗೆ ಬಂದಾಗಿನಿಂದ ಮೆಟ್ರೋ ಕಂಬ, ಸೇತುವೆ ನೋಡ್ಕೊಂಡೇ ಬೆಳೆದವಳು. ಅಕ್ಕ ಹಾಳೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ ಬಿಡು, ನೀನೇ ಓದಬೇಕಾದೋಳು" ಅಂದಳು. ಆ ಮಾತು ಬರೋಕೆ ಆರು ತಿಂಗಳು ಹಿಡಿದಿತ್ತು. ಬಂದದ್ದು ದೊಡ್ಡದು.

ಆಮೇಲೆ ಎರಡನೇ ಹಾಳೆ. ಪ್ರತಿ ಕೋರ್ಸಿನ ಮುಂದೆ ಮೂರು ವಿಷಯ: ಹೋಗಿಬರೋಕೆ ಎಷ್ಟು ಹೊತ್ತು, ವರ್ಷಕ್ಕೆ ಎಷ್ಟು ದುಡ್ಡು, ಒಂದು ವರ್ಷ ಆದಮೇಲೆ ಬೇಡ ಅನಿಸಿದರೆ ಎಲ್ಲಿಗೆ ಬದಲಾಯಿಸಬಹುದು. ನಮ್ಮ ಕಡೆಯವರಿಗೆ ದೂರ ಸಣ್ಣ ವಿಷಯ ಅಲ್ಲ. ಕೆಲ್ಲಿವಿಲ್ ಸ್ಟೇಷನ್‌ನಿಂದ ಮೆಟ್ರೋ ಹತ್ತಿದರೆ ಮ್ಯಾಕ್ವಾರಿ ಯೂನಿವರ್ಸಿಟಿಗೆ ಅರ್ಧ ಗಂಟೆಯೊಳಗೆ ಇಳಿಯಬಹುದು. 2024ರ ಆಗಸ್ಟ್ 19ಕ್ಕೆ ಮೆಟ್ರೋ ಸಿಡ್ನಮ್‌ವರೆಗೆ ಮುಂದುವರಿದಮೇಲೆ ಸೆಂಟ್ರಲ್‌ಗೂ ಗಾಡಿ ಬದಲಾಯಿಸದೆ ಹೋಗಬಹುದು. ಸಿಡ್ನಿ ಯೂನಿವರ್ಸಿಟಿ, ಯುಟಿಎಸ್ ಅಲ್ಲಿಂದ ಹತ್ತಿರ. ಯುಎನ್‌ಎಸ್‌ಡಬ್ಲ್ಯೂಗೆ ಸೆಂಟ್ರಲ್‌ನಲ್ಲಿ ಇಳಿದು ಲೈಟ್ ರೈಲ್ ಹಿಡೀಬೇಕು, ಮನೆಯಿಂದ ಒಂದು ಗಂಟೆ ಮೀರುತ್ತೆ. ಪ್ಯಾರಮಟ್ಟಕ್ಕೆ ಬಸ್ಸಿನ ಟಿ-ವೇ ಇದೆ. ವೊಲೊಂಗಾಂಗ್ ಸಿಡ್ನಿಯಿಂದಲೇ 80 ಕಿಲೋಮೀಟರ್, ಅಲ್ಲಿ ಓದೋದು ಅಂದರೆ ರೂಮು ಬಾಡಿಗೆಯ ಲೆಕ್ಕನೂ ಸೇರಬೇಕು. ಆಗಸ್ಟ್, ಸೆಪ್ಟೆಂಬರ್‌ನ ಓಪನ್ ಡೇ ದಿನ ಕಾರಲ್ಲಿ ಹೋಗಬೇಡಿ. ಬೆಳಿಗ್ಗೆ ಕ್ಲಾಸಿಗೆ ಹೊರಡೋ ಹೊತ್ತಿಗೇ ಮನೆ ಬಿಟ್ಟು, ಮಗು ದಿನಾ ಹೋಗೋ ದಾರಿಯಲ್ಲೇ ಹೋಗಿಬನ್ನಿ. ಬ್ರೋಷರ್‌ನಲ್ಲಿ ಕಾಣದ್ದು ಆ ಪ್ರಯಾಣದಲ್ಲಿ ಗೊತ್ತಾಗುತ್ತೆ.

ನಮ್ಮ ಹುಡುಗಿಗೆ ಬೇಗ ಆಫರ್ ಬಂದದ್ದು ಹತ್ತಿರದ ಒಂದು ಯೂನಿವರ್ಸಿಟಿಯಿಂದ. ಅದನ್ನ ಒಪ್ಪಿಕೊಂಡು, ಯುಎಸಿ ಪಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಬೇಕಾದ್ದನ್ನ ಮೇಲೆ ಇಟ್ಟೆವು. ಅಪಾಯ ಇರೋದು ಇಲ್ಲಿ ನೋಡಿ. ಕೈಯಲ್ಲಿ ಆಫರ್ ಬಂದಮೇಲೆ ಹದಿನೇಳರ ಹುಡುಗರಿಗೆ ಓದು ಸಡಿಲವಾಗುತ್ತೆ. ಎಚ್‌ಎಸ್‌ಸಿ ಬರವಣಿಗೆ ಪರೀಕ್ಷೆ ಅಕ್ಟೋಬರ್ ಮಧ್ಯಕ್ಕೆ ಶುರು, ಆಫರ್‌ಗಳು ಅದಕ್ಕೆ ಸ್ವಲ್ಪ ಮುಂಚೆ ಬಂದು ಬೀಳ್ತವೆ. ಇದೇ ಕಾರಣಕ್ಕೆ ಸೆಪ್ಟೆಂಬರ್‌ಗಿಂತ ಮೊದಲು ಆಫರ್ ಕೊಡೋದು ಬೇಡ ಅಂತ ಇಲ್ಲಿನ ಯೂನಿವರ್ಸಿಟಿಗಳು ಒಪ್ಪಿಕೊಂಡಿವೆ. ಆಫರ್‌ನ ಜೊತೆಗೆ ಷರತ್ತೂ ಇರುತ್ತೆ: ಎಚ್‌ಎಸ್‌ಸಿ ಮುಗಿಸಿರಬೇಕು, ಕೆಲವು ಕಡೆ ಇಂಥ ವಿಷಯದಲ್ಲಿ ಇಷ್ಟು ಬರಬೇಕು. ಅಭಿನಂದನೆ ಅನ್ನೋ ಮೊದಲ ಸಾಲು ಓದಿ ಕಾಗದ ಮಡಚಬೇಡಿ, ಕೊನೆಯವರೆಗೂ ಓದಿ.

ಡಿಸೆಂಬರ್ ಮಧ್ಯದಲ್ಲಿ ಏಟಾರ್ ಬರುತ್ತೆ. ಆಮೇಲೆ ಪಟ್ಟಿ ತಿದ್ದೋಕೆ ಒಂದೆರಡು ದಿನ ಸಿಗುತ್ತೆ, ಮುಖ್ಯ ಸುತ್ತಿನ ಆಫರ್ ಕ್ರಿಸ್‌ಮಸ್‌ಗೆ ಮುಂಚೆ. ಆ ಎರಡು ದಿನ ಡ್ಯೂಟಿ ಬದಲಾಯಿಸಿಕೊಂಡಾದರೂ ಯಾರಾದರೂ ಒಬ್ಬರು ಮಗುವಿನ ಜೊತೆ ಮನೆಯಲ್ಲಿರಿ. ಊರಿಗೆ ಹೋಗೋ ಟಿಕೆಟ್ಟನ್ನೂ ಆ ವಾರ ತಪ್ಪಿಸಿ ಬುಕ್ ಮಾಡಿ. ನಮ್ಮ ಹುಡುಗಿಗೆ ಮೊದಲನೇ ಪ್ರಿಫರೆನ್ಸ್‌ಗೆ ಸ್ವಲ್ಪ ಸಾಲದಾಯ್ತು, ಎರಡನೆಯದು ಸಿಕ್ಕಿತು. ಅರ್ಧ ದಿನ ಅತ್ತಳು, ಮಾರನೆ ದಿನ ಸೇರ್ತೀನಿ ಅಂತ ಒತ್ತಿದಳು. ಬೇಗ ಬಂದಿದ್ದ ಆಫರ್ ಬಿಟ್ಟುಕೊಟ್ಟಳು. ಆದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಮನೆಯಲ್ಲಿ ಎಲ್ಲರೂ ನಿದ್ದೆ ಮಾಡಿದ್ದು ಅದೊಂದು ಕಾಗದ ಇದ್ದದ್ದಕ್ಕೆ. ಬೇಗ ಅರ್ಜಿ ಹಾಕಬೇಕಾದದ್ದು ಅದಕ್ಕೇ. ಹಾಗಾಗಿ ಎಲ್ಲಿಗೆ ಬೇಗ ಹಾಕಬೇಕು ಅಂತ ನನ್ನ ಕೇಳಿದರೆ ಉತ್ತರ ಇಷ್ಟೇ: ದೊಡ್ಡ ಹೆಸರು ನೋಡಬೇಡಿ. ಬೇರೇನೂ ಸಿಗದಿದ್ದರೆ ಮಗು ಮನಸ್ಸು ಮುರಿಯದೆ ನಿಜವಾಗಿ ಹೋಗಿ ಓದಬಲ್ಲ ಕೋರ್ಸು ಯಾವುದೋ, ಅದಕ್ಕೆ ಹಾಕಿ. ಆಸೆಯ ಕೋರ್ಸಿಗೇ ಬೇಗ ಅರ್ಜಿ ತಗೊಳ್ಳೋದಾದರೆ ಅದಕ್ಕೂ ಹಾಕಿ.

ಈಗ ದುಡ್ಡಿನ ಮಾತು. ಇದನ್ನ ಯಾರೂ ಮೊದಲೇ ಹೇಳಲ್ಲ, ಆದರೆ ನಮ್ಮಂಥೋರಿಗೆ ಎಲ್ಲಕ್ಕಿಂತ ಮುಖ್ಯ ಇದೇ.

ಮಗು ಆಸ್ಟ್ರೇಲಿಯಾ ಸಿಟಿಜನ್ ಆಗಿದ್ದರೆ ಸರ್ಕಾರದ ನೆರವಿನ ಸೀಟು ಸಿಗುತ್ತೆ, ತನ್ನ ಪಾಲಿನ ಫೀಸಿಗೆ ಹೆಕ್ಸ್ ಸಾಲ ಸಿಗುತ್ತೆ. ಆ ಸಾಲ ಕೆಲಸಕ್ಕೆ ಸೇರಿ ಆದಾಯ ಒಂದು ಮಿತಿ ದಾಟಿದಮೇಲೆ ತೆರಿಗೆಯ ಜೊತೆ ಕಟ್ಟೋದು. 2025-26ಕ್ಕೆ ಆ ಮಿತಿ 67,000 ಡಾಲರ್. ಮಗು ಪಿಆರ್ ಆಗಿದ್ದರೆ ಸೀಟು ಅದೇ, ಫೀಸೂ ಅದೇ, ಆದರೆ ಹೆಕ್ಸ್ ಸಾಲ ಇಲ್ಲ. ಪ್ರತಿ ಸೆಮಿಸ್ಟರ್ ಕೈಯಿಂದ ಮುಂಗಡ ಕಟ್ಟಬೇಕು. ಇನ್ನೂ ಕೆಲಸದ ವೀಸಾದಲ್ಲೇ ಇದ್ದರೆ ಯೂನಿವರ್ಸಿಟಿ ಲೆಕ್ಕದಲ್ಲಿ ಆ ಮಗು ವಿದೇಶಿ ವಿದ್ಯಾರ್ಥಿ, ಪೂರ್ಣ ಫೀಸು. ಹೆಚ್ಚಿನ ಕಡೆ ಅದು ವರ್ಷಕ್ಕೆ 30 ಸಾವಿರ ಡಾಲರ್ ಮೀರುತ್ತೆ. ಇಲ್ಲೇ ಹುಟ್ಟಿದ ಮಕ್ಕಳ ಪಕ್ಕದಲ್ಲೇ ಕೂತು ಅದೇ ಎಚ್‌ಎಸ್‌ಸಿ ಬರೆದಿದ್ದರೂ ಅಷ್ಟೇ.

2025ರಲ್ಲಿ ವಿದ್ಯಾರ್ಥಿ ಪಾಲಿನ ಗರಿಷ್ಠ ಫೀಸು ವರ್ಷಕ್ಕೆ ಹೀಗಿತ್ತು: ನರ್ಸಿಂಗ್, ಟೀಚಿಂಗ್ 4,627 ಡಾಲರ್. ಎಂಜಿನಿಯರಿಂಗ್, ಐಟಿ, ವಿಜ್ಞಾನ 9,314. ಮೆಡಿಕಲ್ 13,241. ಕಾನೂನು, ಕಾಮರ್ಸ್ 16,992. ನೋಡಿ, ಕಾಮರ್ಸ್ ಸುಲಭ, ಖರ್ಚು ಕಡಿಮೆ ಅಂತ ನಾವು ಅಂದುಕೊಂಡಿರ್ತೀವಿ, ಇಲ್ಲಿ ಅದು ಡಾಕ್ಟರ್ ಓದಿಗಿಂತ ದುಬಾರಿ. ಹೆಕ್ಸ್ ಇದ್ದೋರಿಗೆ ಈ ವ್ಯತ್ಯಾಸ ಹತ್ತು ವರ್ಷ ಆದಮೇಲೆ ಕಾಣುತ್ತೆ. ಪಿಆರ್ ಇದ್ದೋರಿಗೆ ಮಾರ್ಚ್ ತಿಂಗಳಲ್ಲೇ ಕಾಣುತ್ತೆ.

ನಮ್ಮ ಮನೆಯಲ್ಲಿ ಹೀಗೇ ಆಯ್ತು. ಭಾವ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕೋಕೆ ಬಹಳ ದಿನ ಹಿಂದೆಮುಂದೆ ನೋಡಿದರು. ಭಾರತ ಎರಡು ಪೌರತ್ವ ಒಪ್ಪಲ್ಲ, ನಮ್ಮ ಪಾಸ್‌ಪೋರ್ಟ್ ಹಿಂದಿರುಗಿಸಬೇಕು. ಅಪ್ಪ ಉಳಿಸಿಹೋದ ಎರಡು ಎಕರೆ ತೋಟ ಇದೆ. ಅದು ಕೈಬಿಟ್ಟು ಹೋಗುತ್ತೇನೋ ಅನ್ನೋ ಭಯ. ಒಸಿಐ ಕಾರ್ಡ್ ಇದ್ದೋರು ಹೊಸದಾಗಿ ಕೃಷಿ ಭೂಮಿ ಕೊಂಡುಕೊಳ್ಳೋ ಹಾಗಿಲ್ಲ, ಆದರೆ ಪಿತ್ರಾರ್ಜಿತವಾಗಿ ಬಂದದ್ದಕ್ಕೆ ಅಡ್ಡಿ ಇಲ್ಲ ಅಂತ ತಿಳಿದಮೇಲೆ ಒಪ್ಪಿದರು. ಯಾರನ್ನೂ ನಾನು ಅವಸರ ಮಾಡಿಸಲ್ಲ. ಅದು ಬರೀ ಕಾಗದದ ವಿಷಯ ಅಲ್ಲ, ಕರುಳಿನ ವಿಷಯ ಅಂತ ನನಗೂ ಗೊತ್ತು. ಆದರೆ ಅರ್ಜಿ ಹಾಕೋ ಹೊತ್ತಿಗೆ ಹುಡುಗಿಗೆ ಹದಿನಾರು ದಾಟಿತ್ತು. ಹದಿನಾರರ ಒಳಗಿನ ಮಕ್ಕಳನ್ನು ತಂದೆ ತಾಯಿಯ ಅರ್ಜಿಯಲ್ಲೇ ಸೇರಿಸಬಹುದು. ಅದು ದಾಟಿದಮೇಲೆ ಬೇರೆ ಅರ್ಜಿ, ತಾನೇ ನಿಂತು ಪ್ರಮಾಣವಚನ ಹೇಳಬೇಕು. ಹೆಕ್ಸ್ ಬೇಕಾದರೆ ಆ ಸೆಮಿಸ್ಟರ್‌ನ ಸೆನ್ಸಸ್ ದಿನದೊಳಗೆ ಸಿಟಿಜನ್ ಆಗಿರಬೇಕು. ಮೊದಲ ಸೆಮಿಸ್ಟರ್‌ಗೆ ಅದು ಮಾರ್ಚ್ ಕೊನೆಯ ಸುಮಾರಿಗೆ ಬರುತ್ತೆ. ಅವಳ ಸಮಾರಂಭ ನಡೆದದ್ದು ಮೇ ತಿಂಗಳಲ್ಲಿ. ಹಾಗಾಗಿ ಮೊದಲ ಸೆಮಿಸ್ಟರ್‌ನ 4,657 ಡಾಲರ್ ಕೈಯಿಂದ ಹೋಯ್ತು. ಭಾವ ಐದು ವರ್ಷದಿಂದ ಅವ್ವನನ್ನು ನೋಡಿರಲಿಲ್ಲ, ಊರಿಗೆ ಹೋಗೋಕೆ ಎತ್ತಿಟ್ಟಿದ್ದ ಟಿಕೆಟ್ ದುಡ್ಡು ಅದು. ಎರಡನೇ ಸೆಮಿಸ್ಟರ್‌ನಿಂದ ಹೆಕ್ಸ್ ಸಿಕ್ಕಿತು. ಅದೇ 2025ರಲ್ಲಿ ಸರ್ಕಾರ ಹೆಕ್ಸ್ ಸಾಲದಲ್ಲಿ ಶೇಕಡ 20 ಕಡಿಮೆ ಮಾಡಿತು. ಕೈಯಿಂದ ಕಟ್ಟಿದ ದುಡ್ಡಿಗೆ ಆ ರಿಯಾಯಿತಿ ಇಲ್ಲ.

ಆದ್ದರಿಂದ ಮಗುವಿಗೆ ಹದಿನಾಲ್ಕು, ಹದಿನೈದು ಇರುವಾಗಲೇ ಗಂಡ ಹೆಂಡತಿ ಕೂತು ಈ ವಿಷಯ ಮಾತಾಡಿ. ನಾಲ್ಕು ವರ್ಷ ಇಲ್ಲಿ ಕಾನೂನುಬದ್ಧವಾಗಿ ಇದ್ದು, ಅದರಲ್ಲಿ ಕೊನೆಯ ಒಂದು ವರ್ಷ ಪಿಆರ್ ಆಗಿದ್ದರೆ ಅರ್ಜಿ ಹಾಕಬಹುದು. ಬೇಡ ಅಂತ ತೀರ್ಮಾನಿಸಿದರೂ ಸರಿ, ಆ ತೀರ್ಮಾನದ ಬೆಲೆ ಎಷ್ಟು ಅಂತ ಗೊತ್ತಿದ್ದು ತೀರ್ಮಾನಿಸಿ. ಇದು ಕಾಲೇಜಿನ ಫಾರಂಗಿಂತ ಎರಡು ವರ್ಷ ಮೊದಲು ತುಂಬಬೇಕಾದ ಫಾರಂ. ನಿಜವಾದ 'ಅರ್ಲಿ' ಇದೇ.

ಇನ್ನೊಂದು ಮಾತು ನನ್ನ ಕಸುಬಿನವನಾಗಿ. ಐದು ಸಾಲಿನಲ್ಲಿ ಒಂದೂ ಬೇಡ ಅನ್ನೋ ಮಗುವೂ ಇರುತ್ತೆ. ಕೈಕೆಲಸದಲ್ಲಿ ಮನಸ್ಸಿರೋ ಮಗುವಿಗೆ ಅಪ್ರೆಂಟಿಸ್‌ಶಿಪ್ ಇದೆ. ಎಲೆಕ್ಟ್ರಿಷಿಯನ್‌ಗೆ ನಾಲ್ಕು ವರ್ಷ, ಸಂಬಳ ತಗೊಂಡೇ ಕಲಿಯೋದು. ನ್ಯೂ ಸೌತ್ ವೇಲ್ಸ್‌ನಲ್ಲಿ ಅಪ್ರೆಂಟಿಸ್‌ಗಳ ತರಬೇತಿ ಶುಲ್ಕವನ್ನು ಸರ್ಕಾರವೇ ಭರಿಸುತ್ತೆ. ನಾವು ಕಷ್ಟಪಟ್ಟಿದ್ದೀವಿ, ಮಕ್ಕಳು ಪಡಬಾರದು ಅನ್ನೋ ಮಾತು ನನಗೂ ಅರ್ಥವಾಗುತ್ತೆ. ಆದರೆ ಈ ದೇಶದಲ್ಲಿ ನಮ್ಮ ಕೆಲಸಕ್ಕೆ ಇರೋ ಮರ್ಯಾದೆಯನ್ನ ನಾವೇ ನಮ್ಮ ಮಕ್ಕಳ ಮುಂದೆ ಕಡಿಮೆ ಮಾಡೋದು ಬೇಡ.

ಕೊನೆಗೆ ನಮ್ಮ ಕೂಟಕ್ಕೆ ಒಂದು ಬೇಡಿಕೆ. ಪ್ರತಿ ವರ್ಷ ಸೆಪ್ಟೆಂಬರ್ ಬಂತು ಅಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ "ನಮ್ಮ ಮಗನಿಗೆ ಆಫರ್ ಬಂತು" ಅಂತ ಸುದ್ದಿ, ಕೆಳಗೆ ಐವತ್ತು ಅಭಿನಂದನೆ. ಸಂತೋಷ ಹಂಚಿಕೊಳ್ಳೋದು ತಪ್ಪಲ್ಲ. ಆದರೆ ಅದೇ ಗುಂಪಿನಲ್ಲಿ ಆಫರ್ ಬರದ ಮಗುವಿನ ತಾಯಿಯೂ ಇದ್ದಾಳೆ. ಆ ಮಗು ಇನ್ನು ಮೂರು ವಾರಕ್ಕೆ ಪರೀಕ್ಷೆ ಬರೀಬೇಕು. ಹೆಚ್ಚಿನ ಸೀಟುಗಳು ಹಂಚೋದು ಡಿಸೆಂಬರ್‌ನಲ್ಲಿ. ಹಾಗಾಗಿ ಅಭಿನಂದನೆಗಳನ್ನ ಡಿಸೆಂಬರ್‌ವರೆಗೆ ಎತ್ತಿಡೋಣ, ಆಗ ಯೂನಿವರ್ಸಿಟಿಗೆ ಹೋಗೋರಿಗೆ, ಟೇಫ್‌ಗೆ ಹೋಗೋರಿಗೆ, ಕೆಲಸಕ್ಕೆ ಸೇರೋರಿಗೆ ಎಲ್ಲರಿಗೂ ಸೇರಿಸಿ ಒಂದೇ ದಿನ ಹೋಳಿಗೆ ಊಟ ಹಾಕೋಣ. ಅಡುಗೆಮನೆಯ ವೈರಿಂಗು ನನ್ನದು.

ಫಾರಂ ತುಂಬೋದರಲ್ಲಿ ಯಾರಿಗಾದರೂ ಕೂತು ನೋಡಬೇಕು ಅನಿಸಿದರೆ ಭಾನುವಾರ ಮಧ್ಯಾಹ್ನ ನಾನು ಬಿಡುವಾಗಿರ್ತೀನಿ. ಮಗುವನ್ನೂ ಕರ್ಕೊಂಡು ಬನ್ನಿ. ಮಗು ಇಲ್ಲದೆ ಬರೀ ಅಪ್ಪ ಅಮ್ಮ ಬಂದರೆ ಕಾಫಿ ಕೊಟ್ಟು ಕಳಿಸ್ತೀನಿ ಅಷ್ಟೇ.